ಪರದೆ ಕಪ್ಪಾಯಿತೆಂದು ಸರ್ವರ್‌ನ ಪವರ್ ಬಟನ್ ಒತ್ತಬೇಡಿ

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಶುರುವಾಯಿತೆಂದರೆ ಅಕ್ಕಿ ಗಿರಣಿಗಳ ವೇಬ್ರಿಡ್ಜ್ ಮುಂದೆ ಟ್ರ್ಯಾಕ್ಟರ್, ಲಾರಿಗಳ ಸಾಲು ರಸ್ತೆಯವರೆಗೂ ಬಂದು ನಿಲ್ಲುತ್ತದೆ. ಅಂಥದೊಂದು ಮುಂಜಾನೆ, ನಾನು ಕಂಪ್ಯೂಟರ್ ನೋಡಿಕೊಳ್ಳುವ ಗಿರಣಿಯಿಂದ ಕರೆ ಬಂತು: "ಸರ್ವರ್ ಸತ್ತಿದೆ, ಬಂದ್ ಮಾಡಿ ಚಾಲೂ ಮಾಡಲೇ?" ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪುಟ ಬರುತ್ತಿತ್ತಂತೆ. ತೂಕದ ಚೀಟಿ ಪ್ರಿಂಟ್ ಆಗುತ್ತಿದೆಯೇ ಎಂದು ಕೇಳಿದೆ. ಆಗುತ್ತಿದೆ ಎಂದರು. ಹಾಗಾದರೆ ಬಟನ್ ಮುಟ್ಟಲೇಬೇಡಿ ಎಂದೆ.

ಸರ್ವರ್ ಸತ್ತಿರಲಿಲ್ಲ, ಅದರ ಚಿತ್ರಪರದೆ, ಅಂದರೆ ಮೌಸ್ ಹಿಡಿದು ಕೆಲಸ ಮಾಡುವ ಪರದೆ ಮಾತ್ರ ನಿಂತಿತ್ತು. ಆ ಪರದೆಯನ್ನು ಮೂಡಿಸುವ, 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ಸಿಸ್ಟಮ್ ಆಗಲಿ, ಈಗ ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಆಗಲಿ ಆ ಸರ್ವರ್ ನಡೆಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಭಾಗವಲ್ಲ. ಅದು ಬಿದ್ದರೂ ಡೇಟಾಬೇಸ್, ನೆಟ್‌ವರ್ಕ್, ಪ್ರಿಂಟಿಂಗ್ ತಮ್ಮ ಪಾಡಿಗೆ ನಡೆಯುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ಏಕಾಏಕಿ ವಿದ್ಯುತ್ ಕಡಿದರೆ, ಮೆಮೊರಿಯಲ್ಲಿದ್ದು ಡಿಸ್ಕ್‌ಗೆ ಇನ್ನೂ ಇಳಿಯದ ಬರಹ ಅಳಿಸಿಹೋಗುತ್ತದೆ. ಆ ಬರಹ ಒಬ್ಬ ರೈತ ಆಗಷ್ಟೇ ತೂಗಿಸಿದ ಭತ್ತದ ಲೆಕ್ಕವೂ ಆಗಿರಬಹುದು.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿಸಿದೆ. ಅಕ್ಷರಗಳಷ್ಟೇ ಇರುವ ಕಪ್ಪು ಟರ್ಮಿನಲ್ ತೆರೆದುಕೊಂಡಿತು. ರೂಟ್ (ಎಲ್ಲ ಅಧಿಕಾರವಿರುವ ಮುಖ್ಯ ಬಳಕೆದಾರ) ಆಗಿ ಒಳಹೊಕ್ಕು, ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಡಿಎಫ್ (df) ಆದೇಶ ಕೊಟ್ಟಾಗ ಕಾರಣ ಸಿಕ್ಕಿತು: ಡಿಸ್ಕ್‌ನ ಮುಖ್ಯ ವಿಭಾಗ (ಪಾರ್ಟಿಶನ್) ನೂರಕ್ಕೆ ನೂರು ತುಂಬಿತ್ತು. ಡೇಟಾಬೇಸ್ ಬೇರೆ ಡಿಸ್ಕ್‌ನಲ್ಲಿದ್ದದ್ದರಿಂದ ಉಳಿದಿತ್ತು. ಚಿತ್ರಪರದೆಗೆ ಲಾಗಿನ್ ಆಗುವಾಗ ಕೆಲವು ಸಣ್ಣ ಫೈಲ್‌ಗಳನ್ನು ಬರೆಯಲೇಬೇಕಾಗುತ್ತದೆ. ಜಾಗವಿಲ್ಲದಿದ್ದರೆ ಅದು ಹೊರಗೆ ದಬ್ಬುತ್ತದೆ. ಆದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 (ext4) ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್‌ಗೆಂದೇ ಮೀಸಲಿಡುತ್ತದೆ, ಇಂಥ ಸಂಕಟದ ದಿನಕ್ಕಾಗಿಯೇ. ಹಾಗಾಗಿ ನಮಗೆ ಕೆಲಸ ಮಾಡಲು ಜಾಗವಿತ್ತು. ಜಾಗ ನುಂಗಿದ್ದು ಒಂದು ದೊಡ್ಡ ಲಾಗ್ ಫೈಲ್, ಅಂದರೆ ಪ್ರೋಗ್ರಾಮ್ ತನ್ನ ಕೆಲಸದ ದಾಖಲೆ ಬರೆದಿಡುವ ಫೈಲ್. ಅದನ್ನು ಅಳಿಸಬೇಡಿ, ಒಳಗಿನದನ್ನಷ್ಟೇ ಖಾಲಿ ಮಾಡಿ ಎಂದು ಎರಡು ಸಲ ಹೇಳಿದೆ, ಏಕೆಂದರೆ ಪ್ರೋಗ್ರಾಮ್ ಫೈಲನ್ನು ತೆರೆದಿಟ್ಟುಕೊಂಡಿರುವಾಗ ಅಳಿಸಿದರೆ ಹೆಸರು ಹೋಗುತ್ತದೆಯೇ ಹೊರತು ಜಾಗ ಮರಳುವುದಿಲ್ಲ. ಬಳಿಕ ಲಾಗಿನ್ ಪುಟ ತೋರಿಸುವ ಡಿಸ್‌ಪ್ಲೇ ಮ್ಯಾನೇಜರ್ ಒಂದನ್ನೇ ರೀಸ್ಟಾರ್ಟ್ ಮಾಡಿದೆವು. ಅಷ್ಟೂ ಹೊತ್ತು ವೇಬ್ರಿಡ್ಜ್ ನಿಲ್ಲಲಿಲ್ಲ.

ಕಾರಣ ಯಾವಾಗಲೂ ಇದೇ ಆಗಿರುವುದಿಲ್ಲ. ಕರ್ನಲ್ ಅಪ್‌ಡೇಟ್ ಆದ ಮೇಲೆ ಗ್ರಾಫಿಕ್ಸ್ ಡ್ರೈವರ್ ಅದಕ್ಕೆ ಹೊಂದದೆ ಹೋಗುವುದೂ ಉಂಟು. ಆಗ ಎಕ್ಸ್ ವಿಂಡೋ ಬರೆದಿಡುವ ಎಕ್ಸ್‌ಆರ್ಗ್ ಲಾಗ್‌ನಲ್ಲಿ ಆವರಣದೊಳಗೆ ಜೋಡಿ 'ಇ' (EE), ಅಂದರೆ ದೋಷದ ಗುರುತು ಇರುವ ಸಾಲುಗಳನ್ನು ಮೊದಲು ಓದಬೇಕು.

ಆದರೆ ನನ್ನ ಅಸಲು ತಕರಾರು ಬೇರೆಯದೇ ಇದೆ. ಯಾರೂ ಎದುರು ಕೂರದ ಸರ್ವರ್‌ಗೆ ಚಿತ್ರಪರದೆ ಏಕೆ ಹಾಕಬೇಕು? ಅದು ಮೆಮೊರಿ ತಿನ್ನುತ್ತದೆ, ಕೆಡಬಹುದಾದ ಇನ್ನೊಂದು ಭಾಗವನ್ನು ಸೇರಿಸುತ್ತದೆ. ನಮ್ಮ ಕಡೆಯ ಕಂಪ್ಯೂಟರ್ ತರಬೇತಿಗಳಲ್ಲಿ ಮೌಸ್ ಹಿಡಿದು ಕಲಿತ ಹುಡುಗರು ಟರ್ಮಿನಲ್ ಕಂಡರೆ ಯಂತ್ರ ಕೆಟ್ಟಿತೆಂದೇ ಹೆದರುತ್ತಾರೆ; ಆ ಹೆದರಿಕೆ ಬಿಡಿಸಲು ಒಂದು ವಾರದ ಪಾಠ ಸಾಕು.

ಆ ಗಿರಣಿಯ ಸರ್ವರ್ ಈಗ ಮಲ್ಟಿ-ಯೂಸರ್ ಟಾರ್ಗೆಟ್‌ಗೆ, ಅಂದರೆ ಬರಿಯ ಅಕ್ಷರದ ಪರದೆಗೆ ಬೂಟ್ ಆಗುತ್ತದೆ. ಆಪರೇಟರ್ ತಾವೇ ಡಿಎಫ್ ಕೊಟ್ಟು, ಬಂದ ಅಂಕಿಗಳನ್ನು ಓದಿಕೊಂಡ ಮೇಲೆಯೇ ನನಗೆ ಫೋನ್ ಮಾಡುತ್ತಾರೆ.