ಗುಂಡಿ ಮುಚ್ಚುವ ಮುಂಚೆ ನಾಲ್ಕು ಸಾಲು ಬರೆದಿಡಿ

ನಮ್ಮ ಕ್ರಾಸಿನಲ್ಲಿ ಈ ವರ್ಷ ಮೂರನೇ ಸಲ ನೀರಿನ ಪೈಪ್ ಒಡೆಯಿತು. ಮೂರು ಸಲವೂ ಹೆಚ್ಚುಕಡಿಮೆ ಅದೇ ಜಾಗ, ಮೂಲೆ ಬೇಕರಿಯ ಎದುರು. ಈ ಸಲ ಕೇಬಲ್ ಹಾಕುವವರ ಜೆಸಿಬಿ. ಬೇಕರಿಯವರು ಬೈದರು, ನಾನೂ ನನ್ನ ಪಾಲಿನದು ಬೈದೆ. ಡ್ರೈವರ್ ಹುಡುಗ ಎಲ್ಲಾ ಕೇಳಿಸಿಕೊಂಡು, "ಸಾರ್, ಮೇಲಿಂದ ನೋಡಿದ್ರೆ ಬರೀ ಮಣ್ಣೇ. ಒಳಗೆ ಏನಿದೆ ಅಂತ ನಂಗ್ಯಾರು ಹೇಳ್ತಾರೆ?" ಅಂದ. ನನ್ನ ಬಾಯಿ ಕಟ್ಟಿತು.

ಹೇಳಬಲ್ಲವರು ಒಬ್ಬರಿದ್ದರು, ನಮ್ಮ ಏರಿಯಾದ ವಾಲ್ವ್‌ಮ್ಯಾನ್. "ಇಲ್ಲಿ ಕೆಳಗೆ ಬಂಡೆ ಇದೆ ಸಾರ್. ಅದಕ್ಕೇ ಆವಾಗ ಪೈಪ್ ಮೇಲೇ ಎಳೆದುಬಿಟ್ರು" ಅಂತ ಮೊಣಕಾಲಿನ ಮಟ್ಟಕ್ಕೆ ಕೈ ಹಿಡಿದು ತೋರಿಸಿದರು. ಹಿಂದಿನ ಎರಡು ರಿಪೇರಿಗೂ ಬಂದವರು ಅವರೇ. ಇದನ್ನು ಎಲ್ಲಾದರೂ ಬರೆದಿಟ್ಟಿದ್ದಾರಾ ಅಂತ ಕೇಳಿದರೆ ನಕ್ಕರು. ಪೈಪಿಗೆ ಕ್ಲ್ಯಾಂಪ್ ಬಿತ್ತು, ಗುಂಡಿ ಮುಚ್ಚಿತು, ಮಾಹಿತಿಯೂ ಮಣ್ಣಾಯಿತು.

ಅಗೆಯುವುದನ್ನೇ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನೀರು, ಕರೆಂಟು, ಗ್ಯಾಸು, ಇಂಟರ್ನೆಟ್ಟು ಎಲ್ಲಾ ಬೇಕು, ಅಗೆಯಲೇಬೇಕು. ಆದರೆ ಒಡೆದ ಮೇಲೆ ಎಲ್ಲಿ ಒಡೆಯಿತು, ಎಷ್ಟು ಆಳದಲ್ಲಿ, ಯಾವ ಕೆಲಸಕ್ಕೆ ಅಗೆಯುವಾಗ, ನಕ್ಷೆ ತಪ್ಪಾಗಿತ್ತಾ ಅಥವಾ ಯಾರೂ ಕೇಳಲೇ ಇಲ್ವಾ, ಇಷ್ಟನ್ನು ಬರೆದು ಎಲ್ಲ ಇಲಾಖೆಯವರಿಗೂ ಸಿಗುವ ಹಾಗೆ ಇಡಬಹುದಲ್ವಾ?

ಅಮೆರಿಕದಲ್ಲಿ ಇದನ್ನು ಮಾಡುತ್ತಾರೆ. ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿದರೆ ಬಂದು ನೆಲದ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ. ಇದು ಜನರಿಗೆ ಗೊತ್ತಿರುವ ಭಾಗ. ನನಗೆ ಹೆಚ್ಚು ಹಿಡಿಸಿದ್ದು ಗೆರೆ ಎಳೆದ ಮೇಲೂ ಒಡೆದರೆ ಏನು ಮಾಡುತ್ತಾರೆ ಅನ್ನುವುದು. ಕಾಮನ್ ಗ್ರೌಂಡ್ ಅಲಯನ್ಸ್ ಅನ್ನುವ ಸಂಸ್ಥೆ ಅಂಥ ಹಾನಿಗಳ ವರದಿ ಕೂಡಿಹಾಕುತ್ತದೆ. ಆ ವ್ಯವಸ್ಥೆಯ ಹೆಸರು ಡರ್ಟ್, ಅಂದರೆ ಮಣ್ಣು! ವರದಿ ಕೊಟ್ಟವರ ಹೆಸರು ಹೊರಗೆ ಬರುವುದಿಲ್ಲ. ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಬಹುದು. ಹಾಗೆ ಕೂಡಿಸಿದ್ದರಿಂದಲೇ ಕೆಲವು ಸಂಗತಿ ಗೊತ್ತಾಗಿದೆ. ಮುಂಚೆ ಫೋನ್ ಮಾಡದೇ ಇರುವುದು ವರ್ಷವರ್ಷವೂ ದೊಡ್ಡ ಕಾರಣ. ಅತಿ ಹೆಚ್ಚು ಏಟು ತಿನ್ನುವುದು ಟೆಲಿಕಾಂ ಕೇಬಲ್.

ಹೆಸರು ಮುಚ್ಚಿಡುವುದು ಯಾಕೆ ಅಂತೀರಾ? ನಮ್ಮಲ್ಲಿ ಕಂಟ್ರಾಕ್ಟರ್ ಕಡೆಯವನು ಕೇಬಲ್ ಕಟ್ ಮಾಡಿದರೆ ಮೊದಲು ಮಾಡುವ ಕೆಲಸ ಮಣ್ಣು ಎಳೆದು ಮುಚ್ಚುವುದು. ಹೇಳಿದರೆ ದಂಡ, ಬಿಲ್ ತಡ. ತೂತು ಬಿದ್ದರೆ ನೀರು ತಾನೇ ಹೊರಗೆ ಬಂದು ಸಾಕ್ಷಿ ಹೇಳುತ್ತದೆ. ಬರೀ ಗೀರು ಬಿದ್ದರೆ?

2004ರ ಜುಲೈ 30ರಂದು ಬೆಲ್ಜಿಯಂನ ಗಿಲೆಂಗಿಯೆನ್‌ನಲ್ಲಿ ದೊಡ್ಡ ಗ್ಯಾಸ್ ಪೈಪ್ ಸಿಡಿದು 24 ಜನ ಸತ್ತರು. ಅಲ್ಲಿ ಮುಂಚೆ ನಡೆದ ಕಾಮಗಾರಿಯಲ್ಲಿ ಯಂತ್ರದ ಏಟು ಬಿದ್ದು ಪೈಪಿನ ಗೋಡೆ ತೆಳ್ಳಗಾಗಿತ್ತು. ಪೈಪ್ ಆ ಕ್ಷಣಕ್ಕೆ ಒಡೆದಿರಲಿಲ್ಲ ಅಷ್ಟೆ. ಇದನ್ನು ಓದಿದ ಮೇಲೆ ನನಗೆ ತೂತಿಗಿಂತ ಗೀರಿನ ಭಯವೇ ಜಾಸ್ತಿ.

ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು. ಅಗೆಯುವವರು ಜಾಗ ಹೇಳಿದರೆ ಅಲ್ಲಿ ಪೈಪು, ಕೇಬಲ್ ಇರುವವರಿಗೆ ಸಂದೇಶ ಹೋಗುತ್ತದೆ. ಒಳ್ಳೆಯ ಕೆಲಸ. ಹೀಗೆ ಕಂಡಕಂಡಲ್ಲಿ ಅಗೆದು ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತ್ತು. ಅಂಕಿ ನೋಡಿ ನನಗೆ ಹೊಳೆದದ್ದು ನಮ್ಮ ಬೇಕರಿ ಮೂಲೆ. ಈ ಮೂರು ಒಡಕು ಯಾವ ಲೆಕ್ಕಕ್ಕೆ ಸೇರುತ್ತವೆ? ರಿಪೇರಿ ಬಿಲ್ ಎಲ್ಲೋ ಇರುತ್ತದೆ. ಬಂಡೆ ಇದೆ, ಪೈಪ್ ಮೇಲಿದೆ ಅನ್ನುವುದು ಆ ಬಿಲ್ಲಿನಲ್ಲಿ ಇರುತ್ತಾ?

ಗ್ಯಾಸ್ ಲೈನು, ಕೇಬಲ್ಲಿನ ನಕ್ಷೆ ಎಲ್ಲರಿಗೂ ತೋರಿಸಿದರೆ ಕಿಡಿಗೇಡಿಗಳ ಕೈಗೂ ಸಿಗುತ್ತದೆ ಅನ್ನುವವರಿದ್ದಾರೆ. ನ್ಯಾಯವಾದ ಮಾತೇ. ಊರಿಗೆಲ್ಲಾ ತೋರಿಸುವುದು ಬೇಡ, ಅಗೆಯಲು ಪರ್ಮಿಷನ್ ಕೊಡುವವರ ಟೇಬಲ್ ಮೇಲೆ ಇದ್ದರೆ ಸಾಕು. ಹಳೆಯ ಒಡಕುಗಳ ಪಟ್ಟಿ ನೋಡದೆ ಹೊಸ ರೋಡ್ ಕಟಿಂಗ್‌ಗೆ ಸಹಿ ಬೀಳಬಾರದು.

ಸದ್ಯಕ್ಕೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮನೆಯವಳು ನಗುತ್ತಾಳೆ, ನಗಲಿ. ಮೊನ್ನೆ ಗುಂಡಿ ಮುಚ್ಚುವ ಮುಂಚೆ ಟೇಪ್ ಇಳಿಸಿ ಅಳೆದೆ: ರಸ್ತೆಯಿಂದ ಪೈಪಿಗೆ ಒಂದೂವರೆ ಅಡಿ, ಬೇಕರಿ ಮೆಟ್ಟಿಲಿಂದ ಏಳು ಅಡಿ. ಟೇಪಿನ ಆ ತುದಿ ಹಿಡಿದಿದ್ದವನು ಜೆಸಿಬಿ ಹುಡುಗ. ಎರಡೂ ಅಳತೆಯನ್ನು ತನ್ನ ಮೊಬೈಲಿಗೂ ಹಾಕಿಕೊಂಡ.