ಮೂಲ್ಯಾಗ ಕಾಲು ಟೈಲ್

ಕೊಪ್ಪಳದ ಸಂತ್ಯಾಗ ನಿಂತು ನೋಡ್ರಿ, ಭಿನ್ನರಾಶಿ ಬರದ ಮನುಷ್ಯಾ ಒಬ್ಬನೂ ಸಿಗಂಗಿಲ್ಲ. ದೀಡ ಕಿಲೋ ಬದ್ನಿಕಾಯಿ ಕಿಲೋಕ್ಕ 40 ಅಂದ್ರ 60, ಅಡೀಚ ಕಿಲೋ ಉಳ್ಳಾಗಡ್ಡಿ 36ರಂಗ ಅಂದ್ರ 90, ಅಂತ ಹೇಳೋದ್ರಾಗ ಮಾಲು ಚೀಲಕ್ಕ ಬಿದ್ದಿರತೈತಿ, ಪೆನ್ನೂ ಇಲ್ಲ ಪೇಪರೂ ಇಲ್ಲ. ನಮ್ಮ ಅತ್ತಿ ಸಾಲಿ ಕಟ್ಟಿ ಹತ್ತಿದವ್ರಲ್ಲ, ಆದ್ರ ಹಾಲಿನಾಕಿ ತಿಂಗಳ ಲೆಕ್ಕದಾಗ ಪಾವ್ ಲೀಟರ್ ಹೆಚ್ಚಿಗಿ ಬರದ್ರ ಅವತ್ತು ಇಡೀ ಓಣಿಗೆ ಗೊತ್ತಾಗತೈತಿ. ಅದಾ ಲೆಕ್ಕಾನ ಮ್ಯಾಲೊಂದು ಕೆಳಗೊಂದು ಬರದು ನಡುವ ಗೀಟು ಎಳದು ಕೊಡ್ರಿ, ಮುಗೀತು, ಎಲ್ಲಾರೂ ತಲಿ ಕೆರಕೊಂತ ಕುಂದರತಾರ.

ಮಗಳು ಈ ವರ್ಷ ಏಳನೇತ್ತಾ, ಮಿಶ್ರ ಭಿನ್ನರಾಶಿ, ಅಂದ್ರ 2½ ಇದ್ದಂಗ ಇಡೀದೂ ತುಂಡೂ ಕೂಡಿದ್ದು, ಅದರ ಗುಣಾಕಾರ ಶುರು ಆತು. ಹೋಮ್‌ವರ್ಕ್ ಹೇಳಿಕೊಡೋ ಕೆಲಸ ನಮ್ಮ ಮೈದುನಂದು, ಯಾಕಂದ್ರ ಅವ ಬಿಕಾಂ, ಆ ಡಿಗ್ರಿ ಮನ್ಯಾಗ ಇನ್ನೂ ಬ್ಯಾರೆ ಯಾವ ಕೆಲಸಕ್ಕೂ ಬಂದಿದ್ದಿಲ್ಲ. ಅವ ಪುಸ್ತಕ ನೋಡಿದವನ, "ಭಾಳ ಸಿಂಪಲ್ ಐತಿ, ಇಡೀದಕ್ಕ ಇಡೀದು ಗುಣಿಸು, ತುಂಡಿಗೆ ತುಂಡು ಗುಣಿಸು, ಬಾಜೂಕ ಬಾಜೂಕ ಇಡು" ಅಂದ. ಈಕಿ, "ಹಂಗಲ್ಲ ಕಾಕಾ, ಮೊದ್ಲ ಎರಡನ್ನೂ ವಿಷಮ ಭಿನ್ನರಾಶಿ ಮಾಡ್ಕೋಬೇಕು, 2½ ಇದ್ರ 5/2 ಅಂತ ಬರೀಬೇಕು ಅಂತ ಸರ್ ಹೇಳ್ಯಾರ" ಅಂದ್ಲು. "ನಿಮ್ ಸರ್ ಗಂಗಾವತಿಗೆ ಹೋಗಾಕ ಕುಷ್ಟಗಿ ಬಸ್ ಹತ್ತ್ಯಾರ" ಅಂದ ಇವ. ನಮ್ಮ ಮನಿಯವ್ರು ಪೇಪರ್ ಓದಕೊಂತ ಕುಂತಿದ್ರು, ತಲಿ ಸೈತ ಎತ್ತಲಿಲ್ಲ, ತಮ್ಮನ ವಿಷಯದಾಗ ಅವ್ರು ಯಾವಾಗ್ಲೂ ಹಂಗ.

ಇದಾ ಹೊತ್ತಿನ್ಯಾಗ ಅಡಗಿಮನಿಗೆ ಟೈಲ್ಸ್ ಹಾಕ್ಸೋದು ಇತ್ತು. ಮೈದುನ ಟೇಪ್ ಹಿಡದು ಅಳತಿ ಮಾಡಿದ, ಉದ್ದ 10½ ಫೂಟು, ಅಗಲ 8½ ಫೂಟು, ಅದು ಬರೋಬ್ಬರಿನ ಇತ್ತು, ಆಮ್ಯಾಲೆ ತನ್ನ ಸಿಂಪಲ್ ಲೆಕ್ಕ ಹಾಕಿದ, ಹತ್ತೆಂಟ್ಲೆ 80, ಅರ್ಧಕ್ಕ ಅರ್ಧ ಕಾಲು, 80¼, ಟೈಲ್ ಒಂದು ಫೂಟಿಗೆ ಒಂದು ಫೂಟಿಂದು, ಅಂದ್ರ 81 ಬೇಕು. ಗೌಂಡಿ, "ನಾಕು ಹೆಚ್ಚಿಗಿ ತರ್ರಿ ಅಣ್ಣಾರ, ಕಟಿಂಗ್‌ನಾಗ ಒಡೀತಾವ" ಅಂದ. "ಲೆಕ್ಕ ಅಂದ್ರ ಲೆಕ್ಕ" ಅಂದ ಮೈದುನ, 81 ಎಣಿಸಿ ತಂದ, ಅಂಗಡ್ಯಾವ್ನು ಎರಡು ಸಲ ಕೇಳಿದ್ನಂತ, ಖರೇನ ಇಷ್ಟಾ ಸಾಕೇನ್ರಿ ಅಂತ.

ಮರುದಿನ ಸಂಜೀಕ ಗೌಂಡಿ ನನ್ನ ಕರದ. "ಅಕ್ಕಾರೆ, ಒಂಚೂರು ಬಂದು ನೋಡ್ರಿ, ನಗಬ್ಯಾಡ್ರಿ." ಹೋಗಿ ನೋಡ್ತೀನಿ, ನಡುವ 80 ಇಡೀ ಟೈಲ್ ಚಂದಾಗಿ ಕುಂತಾವ. ಆ ಕಡೆ ಮೂಲ್ಯಾಗ 81ನೇದನ್ನ ಕತ್ತರಿಸಿ ಕಾಲು ತುಂಡು ನೀಟಾಗಿ ಕುಂದರಿಸ್ಯಾನ. ಆ ಮೂಲಿಯಿಂದ ಎಡಕ್ಕ ಅರ್ಧ ಫೂಟಿನ ಪಟ್ಟಿ ಬೋಳು, ಬಲಕ್ಕ ಅರ್ಧ ಫೂಟಿನ ಪಟ್ಟಿ ಬೋಳು, ಕಾಲು ಟೈಲ್ ಒಂದಾ ಮೂಲ್ಯಾಗ ಹೊಸಾ ಅಳಿಯನಂಗ ಕುಂತೈತಿ. ಬೇಕಂತಾನ ಮಾಡ್ಯಾನ ಅನಸ್ತು ನನಗ, ಗೌಂಡಿ ಅಷ್ಟು ಸುಮ್ನ ಮನುಷ್ಯಾ ಅಲ್ಲ.

ಮಗಳು ಸಾಲಿಯಿಂದ ಬಂದಾಕಿ ಬ್ಯಾಗೂ ಇಳಸಲಿಲ್ಲ, ಕಾಕಾನ ಕೈ ಹಿಡದು ಜಗ್ಗಿದ್ಲು. "ನೋಡು, 80 ಇಡೀವು ನೀ ತಂದಿ. ಈ ಉದ್ದನ ಗ್ವಾಡಿ ಗುಂಟ 10 ಅರ್ಧ ಬೇಕು, ಅಂದ್ರ 5. ಈ ಗಿಡ್ಡ ಗ್ವಾಡಿ ಗುಂಟ 8 ಅರ್ಧ, ಅಂದ್ರ 4. ಮೂಲ್ಯಾಗ ಅರ್ಧದಾಗ ಅರ್ಧ, ಅದು ಕಾಲು. ನೀ ಮೊದಲಿಂದು ಮಾಡಿದಿ, ಕಡೀದು ಮಾಡಿದಿ, ನಡುವಿನ ಎರಡು ಬಿಟ್ಟಿ." ಆಮ್ಯಾಲೆ ಚಾಕ್‌ಪೀಸ್ ತಗೊಂಡು ಸಿಮೆಂಟ್ ನೆಲದ ಮ್ಯಾಲೆ ಬರದ್ಲು, 10½ ಅಂದ್ರ 21/2, 8½ ಅಂದ್ರ 17/2, ಮ್ಯಾಲಿಂದು 21×17 ಗುಣಿಸಿದ್ರ 357, ಕೆಳಗಿಂದು 2×2 ಗುಣಿಸಿದ್ರ 4, ಭಾಗಿಸಿದ್ರ 89¼. ಅಂದ್ರ 90 ಟೈಲ್, 9 ಕಮ್ಮಿ. ಗೌಂಡಿ ಕೈಯಾಗಿನ ಕರಣಿ ಕೆಳಗಿಟ್ಟು, "ಎಷ್ಟನೇತ್ತಾ ಓದ್ತಿ ಯವ್ವಾ" ಅಂತ ಕೇಳಿದ.

ಮೈದುನ ಅಷ್ಟಕ್ಕ ಸೋಲತಾನೇನು. "ಅರ್ಧಕ್ಕ ಅರ್ಧ ಗುಣಿಸಿದ್ರ ಕಾಲು ಆಗೋದಾ ತಪ್ಪು, ಗುಣಿಸಿದ್ರ ದೊಡ್ಡದಾಗಬೇಕು, ಸಣ್ಣದಾಗೋದು ಯಾವ ನ್ಯಾಯ" ಅಂತ ಬ್ಯಾರೇನ ಜಗಳ ತಗದ. ಅತ್ತಿ ಒಳಗಿಂದ ಅರ್ಧ ಕಡಕ್ ರೊಟ್ಟಿ ತಂದು, ಮುರದು, ಒಂದು ತುಂಡು ಅವನ ಕೈಯಾಗಿಟ್ಟು, "ಅರ್ಧದಾಗ ಅರ್ಧ ಇದು, ಹೊಟ್ಟಿ ತುಂಬತೈತೇನು ತಿಂದು ನೋಡು" ಅಂದ್ರು. ತಿಂದ, ಇನ್ನೊಂದು ತುಂಡೂ ಕೇಳಿದ.

ಮಗಳಿಗೆ ಆಗ ಉಮೇದಿ ಬಂತು. ಸರ್ ಹೇಳಿದ್ರಂತ, 9ನೇ ಶತಮಾನದಾಗ ಅಮೋಘವರ್ಷ ನೃಪತುಂಗನ ಕಾಲಕ್ಕ ಮಹಾವೀರಾಚಾರ್ಯರು ಅಂತ ಗಣಿತದವ್ರು ಇದ್ರು, ಅಂಶಕ್ಕ ಅಂಶ ಗುಣಿಸು, ಛೇದಕ್ಕ ಛೇದ ಗುಣಿಸು, ಗುಣಿಸೋಕಿಂತ ಮೊದ್ಲ ಅಡ್ಡಕ್ಕ ಅಡ್ಡ ಹೊಡದು ಹೋಗೋದಿದ್ರ ಹೊಡದು ಹಾಕು ಅಂತ ಆಗಿನ ಕಾಲಕ್ಕಾ ಬರದಿಟ್ಟಾರ, ನಮ್ಮೂರು ಆವಾಗ ಕೊಪಣ ಅಂತ ದೊಡ್ಡ ಹೆಸರು ಮಾಡಿದ್ದ ಊರು. ಮೈದುನ ಎಲ್ಲಾ ಕೇಳಿ, "ಟೈಲ್ಸ್ ಬಗ್ಗೆ ಅವ್ರು ಏನೂ ಬರದಿಲ್ಲ ಹೌದಲ್ಲೊ" ಅಂದ.

ಒಂಬತ್ತು ಟೈಲ್ ತರಾಕ ಅಂಗಡಿಗೆ ಹೋದ್ರ ಆ ಲಾಟ್ ಖಾಲಿ, ಹೊಸಾ ಲಾಟಿನ ಬಣ್ಣ ಒಂಚೂರು ಕೂಡವಲ್ದು. ಅರ್ಧಮರ್ಧ ಕೂಡೋದಕಿಂತ ಪೂರ್ತಿ ಬ್ಯಾರೇದಾ ಇರ್ಲಿ ಅಂತ ಕಾಫಿ ಕಲರ್ ತಂದು ಎರಡೂ ಪಟ್ಟಿ ಮುಚ್ಚಿದ್ವಿ. ಮೊನ್ನೆ ಎದುರುಮನಿ ಅಕ್ಕ ಬಂದಾಕಿ, "ಎರಡಾ ಗ್ವಾಡಿಗೆ ಬಾರ್ಡರ್ ಬಿಟ್ಟೀರಿ, ಈಗಿನ ಫ್ಯಾಶನ್ ಏನ್ರಿ, ಯಾರ ಐಡಿಯಾ?" ಅಂದ್ಲು. ನಾ ಬಾಯಿ ತಗಿಯೋದ್ರಾಗ ಮೈದುನ, "ನಂದಾ ರಿ" ಅಂದುಬಿಟ್ಟ. ಈಗ ಅವ್ರ ಮನಿ ಹಾಲ್ ಅಳತಿ ಮಾಡಾಕ ಟೇಪ್ ಹುಡಕ್ಲಿಕ್ಕತ್ಯಾನ, 12¾ಕ್ಕ 9½ ಐತಂತ.