ಕೊಬ್ಬರಿ ದುಡ್ಡು, ದಿಲ್ಲಿ ಗಾಡಿ

ದಿಲ್ಲಿಯಲ್ಲಿ ಒಬ್ಬರು 84 ಲಕ್ಷ ಕೊಟ್ಟು ಕೊಂಡಿದ್ದ ಮರ್ಸಿಡಿಸ್ ಎಸ್‌ಯುವಿಯನ್ನು ಎರಡೂವರೆ ಲಕ್ಷಕ್ಕೆ ಮಾರಿದರಂತೆ ಅನ್ನೋ ಸುದ್ದಿ ನೀವೂ ಓದಿರುತ್ತೀರಿ. 2025ರ ಜುಲೈ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ, ಹದಿನೈದು ದಾಟಿದ ಪೆಟ್ರೋಲ್ ಗಾಡಿಗೆ ಬಂಕಿನಲ್ಲಿ ಎಣ್ಣೆ ಹಾಕಬೇಡಿ ಅಂತ ಅಲ್ಲಿ ಹುಕುಂ ಆಯಿತಲ್ಲ, ಬಂಕಿಗೆಲ್ಲ ಕ್ಯಾಮೆರಾ ಕೂರಿಸಿ, ಆಗ. ಓದಿದವರೆಲ್ಲ ಅಯ್ಯೋ ಪಾಪ ಅಂದರು. ಒಬ್ಬರನ್ನು ಬಿಟ್ಟು. ತಿಪಟೂರಿನ ನಮ್ಮ ಷಡ್ಡಕ ಆ ಸುದ್ದಿಯನ್ನು ಮನೆಯವರಿಗೆಲ್ಲ ಫಾರ್ವರ್ಡ್ ಮಾಡಿ ಕೆಳಗೆ ಒಂದೇ ಮಾತು ಬರೆದರು: "ಚಾನ್ಸು."

ಅವರ ತಪ್ಪೂ ಇಲ್ಲ ಬಿಡಿ. ಆ ವರ್ಷ ತಿಪಟೂರಿನಲ್ಲಿ ಕೊಬ್ಬರಿಗೆ ಹಿಂದೆ ಎಂದೂ ಕಾಣದ ಬೆಲೆ ಬಂದಿತ್ತು. ಎಷ್ಟೋ ವರ್ಷ ನುಸಿ, ಬರ, ಬೆಂಬಲ ಬೆಲೆಗೆ ಕ್ಯೂ ಅಂತ ಒದ್ದಾಡಿದ ಜನ. ಅಟ್ಟದ ಮೇಲಿದ್ದ ಕೊಬ್ಬರಿ ಒಂದು ದಿನ ಬಂಗಾರ ಆದರೆ ಮನುಷ್ಯ ಏನು ಮಾಡಬೇಕು? ಸಾಲ ತೀರಿಸಬಹುದು. ಬೋರ್ ಕೊರೆಸಬಹುದು. ಅವರು ಎರಡೂ ಮಾಡಿದರು. ಆಮೇಲೂ ಸ್ವಲ್ಪ ಉಳಿಯಿತು, ಅಲ್ಲೇ ಎಡವಟ್ಟಾಗಿದ್ದು.

ದಿಲ್ಲಿಯಿಂದ ಒಂದು ಹಳೇ ಡೀಸೆಲ್ ಎಸ್‌ಯುವಿ ತರಿಸಿದರು. ಹೊಸದಾಗಿದ್ದಾಗ 70 ಲಕ್ಷ ಬೆಲೆ ಇದ್ದ ಗಾಡಿ. ಕಂಪನಿ ಹೆಸರು ಬೇಡ, ಹೇಳಿದರೆ ಅದೇ ಗಾಡಿ ಇಟ್ಟುಕೊಂಡವರು ಫೋನ್ ಮಾಡಿ ನಮ್ಮದು ಚೆನ್ನಾಗೇ ಇದೆ ಅಂತ ಅಳುತ್ತಾರೆ. ದಲ್ಲಾಳಿ ಹೇಳಿದ್ದು ಒಂಬತ್ತು ಲಕ್ಷ. ಸಿಂಗಲ್ ಓನರ್. ಓಡಿಸಿದ್ದು ಡಾಕ್ಟರು. ಈ ಡಾಕ್ಟರ ವಿಷಯ ಸ್ವಲ್ಪ ಮಾತಾಡಬೇಕು. ಈ ದೇಶದಲ್ಲಿ ಮಾರಾಟಕ್ಕೆ ಬರೋ ಹಳೇ ಕಾರುಗಳೆಲ್ಲ ಡಾಕ್ಟರುಗಳದೇ. ಅದೂ ಲೇಡಿ ಡಾಕ್ಟರು, ವಾರಕ್ಕೆ ಎರಡು ಸಲ ಮಾತ್ರ ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿಂದ ಮನೆಗೆ. ಹತ್ತು ವರ್ಷಕ್ಕೆ 42 ಸಾವಿರ ಕಿಲೋಮೀಟರು. ಆದರೆ ಡ್ರೈವರ್ ಸೀಟಿನ ಚರ್ಮ ಸವೆದು ಸ್ಪಂಜು ಇಣುಕುತ್ತಿರುತ್ತೆ, ಬ್ರೇಕ್ ಪೆಡಲ್ ನುಣ್ಣಗೆ ಕನ್ನಡಿ ಆಗಿರುತ್ತೆ. ವಾರಕ್ಕೆ ಎರಡು ಸಲ ಆ ತಾಯಿ ಅದೆಷ್ಟು ಜೋರಾಗಿ ಬ್ರೇಕ್ ಒತ್ತಿರಬೇಕು ನೋಡಿ. ಮೀಟರ್ ತಿರುಗಿಸಿದ್ದಾರೆ ಅಂತ ನಾನು ಅಂದರೆ ಷಡ್ಡಕರು ಬೇಜಾರು ಮಾಡಿಕೊಂಡರು. "ಅಣ್ಣ, ಡಾಕ್ಟರು ಸುಳ್ಳು ಹೇಳ್ತಾರಾ?" ಅಂದರು. ಡಾಕ್ಟರು ಏನೂ ಹೇಳಿಲ್ಲ. ಆ ಡಾಕ್ಟರು ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ.

ಗಾಡಿಗೆ ಆಗ ಒಂಬತ್ತೂವರೆ ವರ್ಷ. ಇನ್ನು ಆರು ತಿಂಗಳಾದರೆ ದಿಲ್ಲಿಯ ಲೆಕ್ಕದಲ್ಲಿ ಅದು ಹೆಣ. 2015ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು, ಹತ್ತು ವರ್ಷದ ಡೀಸೆಲ್ ಗಾಡಿ ದಿಲ್ಲಿ ಸುತ್ತಮುತ್ತ ಓಡಕೂಡದು, ಅದರ ಹೊಗೆ ವಿಷ ಅಂತ. ಸರಿ, ವಿಷ. ಅದಕ್ಕೆ ಎನ್‌ಒಸಿ, ಅಂದರೆ ನಮ್ಮದೇನೂ ತಕರಾರಿಲ್ಲ ಅನ್ನೋ ಪತ್ರ, ಕೊಟ್ಟು ಬೇರೆ ರಾಜ್ಯಕ್ಕೆ ಕಳಿಸಿ ಅಂದರು. ನೋಡಿ ಎಂಥ ಒಳ್ಳೇ ವ್ಯವಸ್ಥೆ. ಪಕ್ಕದ ಮನೆಯವರು ಹಳಸಿದ ಸಾರನ್ನ ಪಾತ್ರೆ ಸಮೇತ ನಮ್ಮ ಮನೆಗೆ ಕಳಿಸಿದ ಹಾಗೆ, ನಾವು ಅದಕ್ಕೆ ದುಡ್ಡು ಕೊಟ್ಟು, ಮುಂದೆ ಕಾಯಿ ಒಡೆದು, ಕುಂಕುಮ ಇಟ್ಟು ಒಳಗೆ ಕರೆದುಕೊಂಡೆವು. ಅದೇ ಎಂಜಿನ್, ಅದೇ ಹೊಗೆ. ತುಮಕೂರು ದಾಟಿದ ಮೇಲೆ ಅದು ಪ್ರೆಸ್ಟೀಜು.

ಎಣ್ಣೆ ಹಾಕಬೇಡಿ ಅನ್ನೋ ಆ ಹುಕುಂ ಮೂರು ದಿನ ಬಾಳಲಿಲ್ಲ ಅನ್ನೋದು ಬೇರೆ ಮಾತು. ದಿಲ್ಲಿ ಸರ್ಕಾರವೇ ಆಗಲ್ಲ ಸ್ವಾಮಿ ಅಂತ ಕೈ ಎತ್ತಿತು. ಆಗಸ್ಟ್ 12ಕ್ಕೆ ಸುಪ್ರೀಂ ಕೋರ್ಟು ವಯಸ್ಸು ನೋಡಿ ಸದ್ಯಕ್ಕೆ ಯಾರ ಮೇಲೂ ಬಲವಂತದ ಕ್ರಮ ಬೇಡ ಅಂದಿತು. ಎರಡೂವರೆ ಲಕ್ಷಕ್ಕೆ ಮಾರಿದವರು ಎದೆ ಎದೆ ಬಡಿದುಕೊಂಡರೇನೋ. ನಮ್ಮವರ ಗಾಡಿ ಅಷ್ಟರಲ್ಲಿ ಟ್ರಕ್ಕಿನ ಮೇಲೆ ಕೂತು ವಿಂಧ್ಯ ದಾಟಿತ್ತು. ಇನ್ನೂ ಒಂದಿದೆ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ದೊಡ್ಡ ಎಸ್‌ಯುವಿ ಮೇಲೆ ಸೆಸ್ ಸೇರಿ 50 ಪರ್ಸೆಂಟ್ ಇದ್ದಿದ್ದು 40ಕ್ಕೆ ಇಳಿಯಿತು. ಹೊಸ ಗಾಡಿಗಳ ರೇಟು ಲಕ್ಷಗಟ್ಟಲೆ ಕೆಳಗೆ ಬಂತು, ಹಳೇದರದ್ದು ಅದರ ಹಿಂದೆಯೇ ಜಾರಿತು. ಆ ವಾರ ನಾನು ಅವರಿಗೆ ಫೋನ್ ಮಾಡಲಿಲ್ಲ. ಮನುಷ್ಯನಾದವನಿಗೆ ಅಷ್ಟಾದರೂ ದಯೆ ಬೇಕು.

ಈಗ ನಮ್ಮ ಆರ್‌ಟಿಓಗೆ ಬರೋಣ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ 18 ಪರ್ಸೆಂಟ್ ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಜೀವಾವಧಿ ಅನ್ನೋ ಪದವನ್ನು ನಮ್ಮಲ್ಲಿ ಎರಡೇ ಕಡೆ ಬಳಸೋದು, ಒಂದು ತೆರಿಗೆಗೆ, ಇನ್ನೊಂದು ಕೊಲೆ ಮಾಡಿದವರಿಗೆ. ಅವರಿಗಾದರೂ ಒಳ್ಳೇ ನಡತೆ ಅಂತ ಆಗಸ್ಟ್ 15ಕ್ಕೆ ಬಿಡುತ್ತಾರೆ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಉಳಿದರೆ ಇಲ್ಲಿನ ನಂಬರ್ ಹಾಕಿಸಬೇಕು, ತೆರಿಗೆ ಕಟ್ಟಬೇಕು. ಷಡ್ಡಕರ ಲೆಕ್ಕ ಏನಿತ್ತು ಅಂದರೆ, ಒಂಬತ್ತು ಲಕ್ಷಕ್ಕೆ ಕೊಂಡಿದ್ದೀನಿ, ಒಂಬತ್ತು ಲಕ್ಷಕ್ಕೆ ತೆರಿಗೆ. ಪಾಪ. ಸರ್ಕಾರಕ್ಕೆ ನೀವು ಎಷ್ಟಕ್ಕೆ ಕೊಂಡಿರಿ ಅನ್ನೋದು ಬೇಡ. ಅದು ಹೊಸದಾಗಿದ್ದಾಗ ಎಷ್ಟಿತ್ತು ಅಂತ ಕೇಳುತ್ತೆ, ಆಮೇಲೆ ವಯಸ್ಸು ನೋಡಿ ಒಂದಿಷ್ಟು ಬಿಡುತ್ತೆ. 70 ಲಕ್ಷಕ್ಕೆ 18 ಪರ್ಸೆಂಟ್ ಅಂದರೆ 12 ಲಕ್ಷ 60 ಸಾವಿರ, ಅಲ್ಲಿಂದ ಕೆಳಗೆ ಇಳೀಬೇಕು. ಮುದುಕಿಗೆ ಹುಡುಗಿಯಾಗಿದ್ದಾಗಿನ ವರದಕ್ಷಿಣೆ ಕೇಳಿದ ಹಾಗೆ. ಕೆಎ 44, ಅಂದರೆ ತಿಪಟೂರು ಆರ್‌ಟಿಓ ಆಫೀಸಿನ ಹೊರಗೆ ಏಜೆಂಟು ಒಂದು ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟ. ಷಡ್ಡಕರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ಜೇಬಿಗೆ ಹಾಕಿಕೊಂಡರು. ಆ ಮೊತ್ತ ಎಷ್ಟು ಅಂತ ಇವತ್ತಿಗೂ ನಮ್ಮ ನಾದಿನಿಗೆ ಗೊತ್ತಿಲ್ಲ.

ತೆರಿಗೆ ತಪ್ಪಿಸುವ ವಿದ್ಯೆ ದೊಡ್ಡವರಿಗೆ ಗೊತ್ತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ನಲವತ್ತಕ್ಕೂ ಜಾಸ್ತಿ ಜನ ರಸ್ತೆಗಿಳಿದು ಒಂದೇ ದಿನ 30 ಐಷಾರಾಮಿ ಕಾರು ಹಿಡಿದರು. ಫೆರಾರಿ, ಪೋರ್ಷೆ, ರೇಂಜ್ ರೋವರ್, ಎಲ್ಲ ಬೇರೆ ರಾಜ್ಯದ ನಂಬರಿನವು, ಎಲ್ಲ ಇಲ್ಲೇ ಮೇಯ್ತಿದ್ದವು. ಜುಲೈನಲ್ಲಿ ಒಂದೇ ಒಂದು ಫೆರಾರಿಯಿಂದ ಒಂದು ಕೋಟಿ ನಲವತ್ತೊಂದು ಲಕ್ಷ ವಸೂಲಿ. ಆದರೆ ನನಗೆ ಬಹಳ ಇಷ್ಟವಾಗಿದ್ದು ಆ ರೋಲ್ಸ್ ರಾಯ್ಸ್ ಕತೆ. ಬೆಂಗಳೂರಿನ ಉದ್ಯಮಿಯೊಬ್ಬರ ಹತ್ತಿರ ಎರಡು ಇದ್ದವು. ಒಂದು ಆಗಲೂ ಅಮಿತಾಭ್ ಬಚ್ಚನ್ ಹೆಸರಿನಲ್ಲಿ, ಇನ್ನೊಂದು ಅಮೀರ್ ಖಾನ್ ಹೆಸರಿನಲ್ಲಿ. ಕೊಂಡು ವರ್ಷಗಳಾದರೂ ಹೆಸರು ಬದಲಾಯಿಸಿಲ್ಲ. ಬಚ್ಚನ್ ಹೆಸರಿನದನ್ನು 2021ರಲ್ಲೇ ಒಮ್ಮೆ ಹಿಡಿದಿದ್ದರು, 2025ರಲ್ಲಿ ಎರಡಕ್ಕೂ ಸೇರಿ 38 ಲಕ್ಷ ಕಟ್ಟಿ ಅಂದರು. ನಾನು ಬದಲಾಯಿಸುತ್ತಿದ್ದೆನಾ? ಇಲ್ಲ. ಯೋಚನೆ ಮಾಡಿ, ನಿಮ್ಮ ಆರ್‌ಸಿ ಕಾರ್ಡಿನಲ್ಲಿ ಅಮಿತಾಭ್ ಬಚ್ಚನ್ ಅಂತ ಇದ್ದರೆ ಅದನ್ನು ತೆಗೆಸಿ ನಿಂಗಪ್ಪ ಸನ್ ಆಫ್ ಸಿದ್ದಪ್ಪ ಅಂತ ಬರೆಸುತ್ತೀರಾ? ಸಿಗ್ನಲ್ ಹಾರಿದರೆ ದಂಡದ ಮೆಸೇಜು ಮುಂಬೈಗೆ ಹೋಗುತ್ತೆ. ಆ ಮನುಷ್ಯ ಮನೇಲಿ ಕೂತು, ನಾನು ಯಾವಾಗ ಹೆಬ್ಬಾಳದಲ್ಲಿ ರಾಂಗ್ ಸೈಡ್ ಹೋದೆ ಅಂತ ತಲೆ ಕೆರೆದುಕೊಳ್ಳಬೇಕು.

ನಮ್ಮ ಷಡ್ಡಕರ ಆರ್‌ಸಿಯಲ್ಲಿ ಆ ಥರ ಯಾರೂ ಇರಲಿಲ್ಲ. ಡಾಕ್ಟರೂ ಇರಲಿಲ್ಲ. ಇದ್ದದ್ದು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಹೆಸರು, ಕೆಳಗೆ ಒಂದು ಬ್ಯಾಂಕಿನ ಹೈಪೋಥಿಕೇಶನ್, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನೋ ಗುರುತು. ಅದನ್ನು ತೆಗೆಸಲು ಎರಡು ತಿಂಗಳು.

ಕೇರಳದವರು ನಮಗಿಂತ ಒಂದು ಕೈ ಮೇಲೆ. ಅದೇ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್‌ನವರು ಆಪರೇಷನ್ ನುಂಖೋರ್ ಅಂತ ಮಾಡಿದರು. ನುಂಖೋರ್ ಅಂದರೆ ಭೂತಾನದ ಭಾಷೆಯಲ್ಲಿ ಗಾಡಿ. ಭೂತಾನದವರು ಬಳಸಿ ಬಿಟ್ಟ ಲ್ಯಾಂಡ್ ಕ್ರೂಸರ್, ಡಿಫೆಂಡರ್‌ಗಳು ಗಡಿ ದಾಟಿ, ಸುಳ್ಳು ಕಾಗದ ಹೊತ್ತು, ಕೊಚ್ಚಿಯ ಬಂಗಲೆಗಳ ಮುಂದೆ ನಿಂತಿದ್ದವು ಅಂತ ಆರೋಪ. ಸಿನಿಮಾ ನಟರ ಮನೆಗಳಲ್ಲೂ ಹುಡುಕಿದರು. ದಿಲ್ಲಿ ಬೇಡ ಅಂದಿದ್ದು ತಿಪಟೂರಿಗೆ, ಭೂತಾನ್ ಬೇಡ ಅಂದಿದ್ದು ಕೊಚ್ಚಿಗೆ. ದಕ್ಷಿಣದವರು ಯಾರನ್ನೂ ಕೈ ಬಿಡಲ್ಲ.

ಗಾಡಿ ಬಂದ ಎಂಟನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅದು ಅಂಗಳದಲ್ಲಿ ಕೂತಿತ್ತು. ನಿಂತಿರಲಿಲ್ಲ, ಕೂತಿತ್ತು. ಹಿಂದಿನ ಭಾಗ ನೆಲಕ್ಕೆ ಹತ್ತಿ, ಮೂತಿ ಮೇಲೆ ಮಾಡಿ, ಮೆಲುಕು ಹಾಕೋ ಎಮ್ಮೆ ಹಾಗೆ. ಅದರದ್ದು ಏರ್ ಸಸ್ಪೆನ್ಷನ್. ಸ್ಪ್ರಿಂಗು ಇಲ್ಲ, ರಬ್ಬರಿನ ಗಾಳಿಚೀಲದ ಮೇಲೆ ಗಾಡಿ ನಿಲ್ಲೋದು. ಹತ್ತು ವರ್ಷಕ್ಕೆ ರಬ್ಬರು ಬಿರುಕು ಬಿಡುತ್ತೆ, ರಾತ್ರಿಯೆಲ್ಲ ಗಾಳಿ ಇಳಿಯುತ್ತೆ, ಅದನ್ನು ತುಂಬಿಸಿ ತುಂಬಿಸಿ ಕಂಪ್ರೆಸರ್ ಸಾಯುತ್ತೆ. ಊರಿನ ಮೆಕ್ಯಾನಿಕ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ಸ್ಕ್ಯಾನರ್ ಹಾಕಬೇಕು ಸಾರ್, ನಾವು ಮುಟ್ಟಲ್ಲ" ಅಂದ. ನೂರಾ ನಲವತ್ತು ಕಿಲೋಮೀಟರು ಟೋಯಿಂಗ್ ಲಾರಿಯಲ್ಲಿ ಬೆಂಗಳೂರಿಗೆ. ಅಲ್ಲಿಯ ಸರ್ವಿಸ್ ಸೆಂಟರಿನವರು ಕಾಫಿ ಕೊಟ್ಟು ಎಸಿ ಹಾಕಿ ಕೂರಿಸಿ ಎಸ್ಟಿಮೇಟ್ ಕೊಟ್ಟರು. ಅದರಲ್ಲಿ ಎರಡು ಹಾಲು ಕರೆಯೋ ಎಚ್‌ಎಫ್ ಹಸು, ಒಂದು ಟಿಲ್ಲರು ಬರುತ್ತಿತ್ತು. ಬೇಡ ಅಂತ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಸುತ್ತಿ ನಾಲ್ಕು ದಿನಕ್ಕೆ ಯಾವುದೋ ಅಪಘಾತದ ಗಾಡಿಯಿಂದ ಬಿಚ್ಚಿದ ಚೀಲ ಸಿಕ್ಕಿತು. ಆನೆ ಇದ್ದರೂ ಸಾವಿರ ಸತ್ತರೂ ಸಾವಿರ ಅಂತಾರಲ್ಲ. ಇದು ಓಡಿದರೂ ಸಾವಿರ ನಿಂತರೂ ಸಾವಿರ, ಕೂತರೆ ಲಕ್ಷ.

ಚೀಲ ಹಾಕಿಸಿಕೊಂಡು ಬೆಂಗಳೂರಿನಲ್ಲಿ ಒಂದು ರೌಂಡು ನನ್ನನ್ನೂ ಕೂರಿಸಿಕೊಂಡು ಹೋದರು. ಸುಳ್ಳು ಹೇಳಬಾರದು, ಒಳಗೆ ಕೂತರೆ ಚೆನ್ನಾಗಿದೆ. ತಲೆ ಮೇಲೆ ಪೂರ್ತಿ ಗಾಜು. ಎತ್ತರದಲ್ಲಿ ಕೂತರೆ ಆಟೋದವನ ಬೋಳುತಲೆ ಕಾಣಿಸುತ್ತೆ, ಏನೋ ಒಂದು ತಹಸೀಲ್ದಾರ್ ಆದ ಹಾಗೆ. ಕಾಡು ಮೇಡು, ಮರಳು, ಹಿಮಕ್ಕೆಲ್ಲ ಬೇರೆ ಬೇರೆ ಗುಂಡಿ ಇವೆ, ಒತ್ತುವ ಗುಂಡಿ. ನಮ್ಮ ರಸ್ತೆಯ ಗುಂಡಿಗೆ ಮಾತ್ರ ಯಾವ ಗುಂಡಿಯೂ ಇಲ್ಲ. ಔಟರ್ ರಿಂಗ್ ರೋಡಿನಲ್ಲಿ ಒಂದರೊಳಗೆ ಮುಂದಿನ ಚಕ್ರ ಇಳಿಯಿತು. ಧಡ್ ಅಂತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಷಡ್ಡಕರು ಅದರ ಕಡೆ ನೋಡಲೇ ಇಲ್ಲ. ರೇಡಿಯೋ ಸೌಂಡು ಜಾಸ್ತಿ ಮಾಡಿದರು.

ಇಲ್ಲಿ ತಮಾಷೆ ಸಾಕು. ಬಿಬಿಎಂಪಿ ಹೋಯಿತು, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದಿದ್ದ ಪಾಲಿಕೆ ಐದಾಯಿತು, ಗುಂಡಿ ಇದ್ದಲ್ಲೇ ಇದೆ. ಎಸ್‌ಯುವಿ ಇಟ್ಟವನಿಗೆ ರಬ್ಬರ್ ಚೀಲ ಹೋಗುತ್ತೆ, ಹೋಗಲಿ, ಅವನ ಹತ್ತಿರ ಕೊಬ್ಬರಿ ದುಡ್ಡಿದೆ. ಅದೇ ಗುಂಡಿ ತಪ್ಪಿಸಲು ಹೋಗಿ ಸ್ಕೂಟರಿನವರು ಬೀಳುತ್ತಾರೆ, ಹಿಂದೆ ಬರೋ ಲಾರಿ ನಿಲ್ಲಲ್ಲ. ಆ ಸ್ಕೂಟರಿಗೂ ಸರ್ಕಾರ ಜೀವಾವಧಿ ತೆರಿಗೆ ಮೊದಲೇ ತೆಗೆದುಕೊಂಡಿದೆ. ಫೆರಾರಿ ಹಿಡಿಯೋಕೆ ನಲವತ್ತು ಜನ ಅಧಿಕಾರಿಗಳು ಒಂದೇ ದಿನ ಬೀದಿಗೆ ಬರುತ್ತಾರೆ, ಬರಲಿ, ಹಿಡಿಯಲಿ, ಕಟ್ಟಬೇಕಾದವರು ಕಟ್ಟಲಿ. ಒಂದು ದಿನ ಅದೇ ನಲವತ್ತು ಜನ ಒಂದು ಬಾಂಡ್ಲಿ ಜಲ್ಲಿ ಹಿಡಿದು ಬಂದಿದ್ದು ಯಾರಾದರೂ ನೋಡಿದ್ದೀರಾ? ಇದನ್ನೇ ಬರೆದು ಬರೆದು ನನಗೂ ಸಾಕಾಗಿದೆ. ಓದೋ ನಿಮಗೂ ಸಾಕಾಗಿರುತ್ತೆ.

ಆಯುಧಪೂಜೆಗೆ ತಿಪಟೂರಿಗೆ ಹೋಗಿದ್ದೆವು. ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಎರಡು ಮಾರು ಸೇವಂತಿಗೆ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಟೈರಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಪಕ್ಕದಲ್ಲಿ ಟ್ರ್ಯಾಕ್ಟರು, ಟಿವಿಎಸ್ ಎಕ್ಸೆಲ್ಲು, ಕೊಬ್ಬರಿ ಸುಲಿಯೋ ಕತ್ತಿ. ಟ್ರ್ಯಾಕ್ಟರ್ ನಿಂಬೆಹಣ್ಣು ಹತ್ತಿಸಿ ಹೋಯಿತು. ಎಕ್ಸೆಲ್ಲೂ ಹೋಯಿತು. ಷಡ್ಡಕರು ಪಂಚೆ ಎತ್ತಿ ಕಟ್ಟಿ ಒಳಗೆ ಕೂತು ಬಟನ್ ಒತ್ತಿದರು. ಏನೂ ಇಲ್ಲ. ಬ್ಯಾಟರಿ ಸತ್ತಿತ್ತು. ತಳ್ಳೋಣ ಅಂತ ಆರು ಜನ ಕೈ ಹಾಕಿದರೆ ಆಟೋಮ್ಯಾಟಿಕ್ ಗಾಡಿ, ಕರೆಂಟಿಲ್ಲದೆ ಗೇರೇ ಬಿಡಲ್ಲ. ಪೂಜಾರಪ್ಪ ಗಂಟೆ ಹಿಡಿದುಕೊಂಡೇ ಕಾಲು ಗಂಟೆ ನಿಂತ.

"ಮುಹೂರ್ತ ಮೀರ್ತಾ ಇದೆ" ಅಂದ.

ನಮ್ಮತ್ತೆ ಬಗ್ಗಿ ನಾಲ್ಕೂ ನಿಂಬೆಹಣ್ಣು ಎತ್ತಿಕೊಂಡರು. ದೃಷ್ಟಿ ತೆಗೆದದ್ದು ಒಳಗೆ ತರಬಾರದು ಅಂತ ನಾದಿನಿ ಅಂದರೆ, "ಅದರ ಮೇಲೆ ಏನು ಹತ್ತಿದೆ ಅಂತ? ಹೂವಿನ ಹಾಗಿದೆ" ಅಂದು ಸೆರಗಿನಲ್ಲಿ ಒರೆಸಿ ಅಡುಗೆಮನೆಗೆ ಹೋದರು. ಮಾರನೇ ದಿನ ಚಿತ್ರಾನ್ನ. ಷಡ್ಡಕರು ಎರಡು ಸಲ ಹಾಕಿಸಿಕೊಂಡರು.